ಕ್ಲೀವ್ ಏರಿನ ಕುರಿ

ಸೇತುವೆ ದಾಟುವ ಮೊದಲೇ ಹೇಳಿಬಿಡುವುದೋ, ಇಲ್ಲ ಎಲ್ಲರೂ ಸ್ಯಾಂಡ್‌ವಿಚ್ ತಿಂದು ಸ್ವಲ್ಪ ಮೆತ್ತಗಾದ ಮೇಲೋ? ಹೊಟ್ಟೆ ತುಂಬಿದವರು ಬೇಗ ಕ್ಷಮಿಸುತ್ತಾರೆ ಎಂದು ಐವರ್‌ಗೆ ಅನ್ನಿಸಿತು. ಆದರೆ ಸ್ಯಾಂಡ್‌ವಿಚ್ ಇದ್ದದ್ದು ಕ್ಲೀವ್ ಏರಿನ ತುದಿಯಲ್ಲಿ, ಗೆಳೆಯ ಲಯನೆಲ್‌ನ ಕಾರಿನೊಳಗೆ. ಆ ಏರನ್ನು ತಾನು ಯಾವತ್ತೂ ಪೂರ್ತಿ ಸೈಕಲ್ ಮೇಲೆ ಕೂತು ಹತ್ತಿಲ್ಲ ಎಂಬುದೇ ಹೇಳಬೇಕಾಗಿದ್ದ ಮಾತು. ಹಾಗಾಗಿ ಹತ್ತಿದ ಮೇಲೆ ಹೇಳುವುದಕ್ಕೂ ಅರ್ಥವಿಲ್ಲ, ಹತ್ತದೆ ಹೇಳುವುದಕ್ಕೂ ಧೈರ್ಯವಿಲ್ಲ. ಅರವತ್ತಮೂರು ವರ್ಷದ ಮನುಷ್ಯ, ನೀರು ಸರಬರಾಜಿನ ಕಚೇರಿಯಲ್ಲಿ ಮೂವತ್ತು ವರ್ಷ ನೆಲದೊಳಗಿನ ಕೊಳವೆಗಳ ನಕ್ಷೆ ಬರೆದವನು, ಒಂದು ಸಣ್ಣ ನಿಜವನ್ನು ಇಳಿಸಲು ಜಾಗ ಹುಡುಕುತ್ತ ಹತ್ತು ಮೈಲಿ ಪೆಡಲ್ ತುಳಿದಿದ್ದ. ಮುಂದೆ ಡಾಫ್ನಿ, ಸಂಘದ ಕಾರ್ಯದರ್ಶಿ, ಎಪ್ಪತ್ತರ ಹತ್ತಿರದ ಹೆಂಗಸು, ಚರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂತವಳ ಹಾಗೆ ಬೆನ್ನು ನೆಟ್ಟಗಿಟ್ಟು ಹೋಗುತ್ತಿದ್ದಳು. ಹಿಂದೆ ಗ್ಯಾರೆತ್, ಹಲ್ಲಿನ ಡಾಕ್ಟರು, ಹಿಡಿಕೆಗೆ ಕಟ್ಟಿದ ಪುಟ್ಟ ಯಂತ್ರವನ್ನು ನೋಡಿ ರಸ್ತೆ ನೂರಕ್ಕೆ ಎಷ್ಟು ಏರುತ್ತಿದೆ ಎಂದು ಯಾರೂ ಕೇಳದಿದ್ದರೂ ಹೇಳುತ್ತ ಬರುತ್ತಿದ್ದ. ಎರಡೂ ಕಡೆ ಮುಳ್ಳುಗಿಡ ಬೆಳೆದ ಆಳೆತ್ತರದ ಮಣ್ಣಿನ ಬೇಲಿ, ನಡುವೆ ಹುಲ್ಲು ಬೆಳೆದ ಕಿರಿದಾದ ರಸ್ತೆ. ಹೊಲದ ಗೇಟು ಬಂದಲ್ಲಿ ಮಾತ್ರ ಒಂದು ಕ್ಷಣ ಸಮುದ್ರ ಕಾಣಿಸಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಓಡಿಹೋಗಲು ಬೇಕಾದರೂ ಜಾಗವಿಲ್ಲದ ರಸ್ತೆ ಅದು.

ಹಾಕ್‌ಮರ್ ಸೈಕಲ್ ಸಂಘಕ್ಕೆ ಒಂದು ಹಾದಿ ಪುಸ್ತಕವಿತ್ತು. ಕಾರು ಬಾರದ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್ಟರ್ ಮಾತ್ರ ಬರುವ ಮೂವತ್ತೆಂಟು ಹಾದಿಗಳು. ಎಲ್ಲಿ ತಿರುಗಬೇಕು, ಯಾವ ಮನೆಯ ನಾಯಿ ಬೊಗಳಿ ಸುಮ್ಮನಾಗುತ್ತದೆ, ಯಾವುದು ಸುಮ್ಮನಿದ್ದು ಕಚ್ಚುತ್ತದೆ, ಎಲ್ಲ ಅದರಲ್ಲಿತ್ತು. ಪ್ರತಿ ಏರಿನ ಎದುರು ಒಂದು ಗೆರೆ. ಆ ಏರನ್ನು ಕಾಲು ನೆಲಕ್ಕೆ ಊರದೆ ಹತ್ತಿದ ಸದಸ್ಯ ಗೆರೆಯ ಮೇಲೆ ಸಹಿ ಹಾಕಬೇಕು. ಯಾರೂ ಹತ್ತಿಲ್ಲವಾದರೆ ಅಲ್ಲಿ ‘ತಳ್ಳಿಕೊಂಡು ಹೋಗಿ’ ಎಂದು ಅಚ್ಚಾಗುತ್ತಿತ್ತು. ಸಾಕ್ಷಿ ಕೇಳುವ ಪದ್ಧತಿ ಇರಲಿಲ್ಲ. ಊಟಕ್ಕೆ ಬಂದವರನ್ನು ಕೈ ತೊಳೆದಿರಾ ಎಂದು ಕೇಳಿದಷ್ಟೇ ಅಸಭ್ಯ ಅದು. ಕ್ಲೀವ್ ಏರಿನ ಎದುರು ಹತ್ತು ವರ್ಷದಿಂದ ಒಂದೇ ಒಂದು ಸಹಿ, ಐವರ್‌ನದು. ಸಂಘದಲ್ಲಿ ಅದಕ್ಕೆ ಐವರ್‌ನ ಏರು ಎಂದೇ ಹೆಸರು. ಹೊಸ ಸದಸ್ಯರಿಗೆ ಅವನನ್ನು ತೋರಿಸಿ ‘ಕ್ಲೀವ್ ಹತ್ತಿದವರು ಇವರೇ’ ಎನ್ನುತ್ತಿದ್ದರು. ಹೊಸಬರು ಅವನ ಮುಖ ನೋಡಿ, ಆಮೇಲೆ ಕಾಲು ನೋಡಿ, ಆಮೇಲೆ ಮತ್ತೊಮ್ಮೆ ಮುಖ ನೋಡುತ್ತಿದ್ದರು. ಆ ಎರಡನೆಯ ನೋಟವನ್ನು ಅವನು ಹತ್ತು ವರ್ಷ ಸಹಿಸಿಕೊಂಡಿದ್ದ. ಅದಕ್ಕೆ ಸ್ವಲ್ಪ ರುಚಿಯೂ ಇತ್ತು ಎಂದು ಒಪ್ಪಿಕೊಳ್ಳಬೇಕು. ಈಗ ಪುಸ್ತಕ ಹೊಸದಾಗಿ ಅಚ್ಚಾಗಬೇಕಿತ್ತು. ಹಳೆಯ ಸಹಿ ಹಾಕಿದವರು ಬದುಕಿದ್ದರೆ ಇಬ್ಬರ ಎದುರು ಮತ್ತೊಮ್ಮೆ ಹತ್ತಿ ತೋರಿಸಲಿ, ಬರೇ ಖುಷಿಗೆ, ಎಂದು ಡಾಫ್ನಿ ಸಭೆಯಲ್ಲಿ ಹೇಳಿದ್ದಳು. ಬರೇ ಖುಷಿಗೆ ಎಂದಾಗ ಎಲ್ಲರೂ ಅವನ ಕಡೆ ತಿರುಗಿ ನಕ್ಕಿದ್ದರು. ಅವನೂ ನಕ್ಕಿದ್ದ, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ.

ಸಹಿ ಒಂದರ ಮಾತೇ ಆಗಿದ್ದರೆ ಹೇಗಾದರೂ ನಡೆದುಹೋಗುತ್ತಿತ್ತು. ಲಯನೆಲ್ ಇದ್ದ. ಒಂದೇ ಬೀದಿಯಲ್ಲಿ ಎದುರುಬದುರು ಮನೆ, ಮೂವತ್ತು ವರ್ಷದ ಭಾನುವಾರಗಳು, ಇಬ್ಬರಿಗೂ ಒಂದೇ ವಯಸ್ಸು. ಐವರ್ ಹತ್ತಿದ್ದಾನೆ ಎಂದ ಮೇಲೆ ತಾನೂ ಹತ್ತಬೇಕು ಎಂದು ಲಯನೆಲ್ ಪ್ರತಿ ಸೆಪ್ಟೆಂಬರ್ ತನ್ನ ಹುಟ್ಟುಹಬ್ಬದ ಭಾನುವಾರ ಕ್ಲೀವ್‌ಗೆ ಬರುತ್ತಿದ್ದ. ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಒಂದು ವರ್ಷ ಬಿಟ್ಟರೆ ಒಂಬತ್ತು ಸಲ. ಒಂಬತ್ತು ಸಲವೂ ತಿರುವಿನ ಹತ್ತಿರ ಇಳಿದ. ಇಳಿದಾಗಲೆಲ್ಲ, ಸುತ್ತುದಾರಿಯಿಂದ ಮೊದಲೇ ಬಂದು ತಿರುವಿನ ಆಚೆ ಕಾದಿರುತ್ತಿದ್ದ ಐವರ್‌ನನ್ನು ನೋಡಿ, ಉಸಿರು ತಿರುಗಿದ ಮೇಲೆ, ‘ನಿನ್ನ ಎದೆಯೊಳಗೆ ಏನು ಇಟ್ಟಿದ್ದಾನೋ ಆ ದೇವರು’ ಎನ್ನುತ್ತಿದ್ದ. ಏನೂ ಇಟ್ಟಿಲ್ಲ ಕಣೋ ಎಂಬ ಉತ್ತರ ಐವರ್‌ನ ಬಾಯಿಯವರೆಗೆ ಬರುತ್ತಿತ್ತು. ಬಂದದ್ದನ್ನು ಅವನು ವಿನಯದ ದನಿಯಲ್ಲಿ ಹೇಳುತ್ತಿದ್ದುದರಿಂದ ಅದನ್ನು ಯಾರೂ ನಂಬುತ್ತಿರಲಿಲ್ಲ. ಹೋದ ಸೆಪ್ಟೆಂಬರ್ ಒಂಬತ್ತನೆಯ ಸಲ ಇಳಿದ ಮೇಲೆ ಲಯನೆಲ್ ಏನೂ ಹೇಳದೆ ಮನೆಗೆ ಹೋಗಿ ಸೈಕಲ್ಲನ್ನು ಕಾರಿನ ಶೆಡ್ಡಿನ ಮಾಡಿಗೆ ತಲೆಕೆಳಗಾಗಿ ನೇತುಹಾಕಿದ. ಅಂದಿನಿಂದ ಸಂಘದ ಜೊತೆ ಕಾರಿನಲ್ಲಿ ಬರುತ್ತಾನೆ, ಚಹಾದ ಫ್ಲಾಸ್ಕ್ ಹೊತ್ತುಕೊಂಡು. ಇವತ್ತು ಬೆಳಗ್ಗೆ ಸ್ಯಾಂಡ್‌ವಿಚ್ ಡಬ್ಬವನ್ನು ಕಾರಿಗಿಡುತ್ತ, ಹವಾಮಾನದ ಮಾತಾಡುವಷ್ಟೇ ಸಲೀಸಾಗಿ, ‘ಶನಿವಾರ ಚರ್ಚಿನ ಹಳೆ ಸಾಮಾನು ಮಾರಾಟಕ್ಕೆ ಸೈಕಲ್ ಕೊಟ್ಬಿಡ್ತೀನಿ’ ಎಂದ. ‘ಯಾಕೋ?’ ಎಂದು ಐವರ್ ಕೇಳಿದ್ದಕ್ಕೆ, ‘ಅಲ್ಲಪ್ಪ, ನೀನೂ ನಾನೂ ಒಂದೇ ವಯಸ್ಸು. ನೀನು ಹತ್ತಿದ್ದನ್ನ ನಾನು ಒಂಬತ್ತು ಸಲದಲ್ಲಿ ಹತ್ತಕ್ಕಾಗ್ಲಿಲ್ಲ ಅಂದ್ರೆ ನನ್ನಲ್ಲಿ ಏನೋ ಮುಗಿದಿದೆ ಅಂತ ಅಲ್ವ. ಮುಗಿದಿದ್ದನ್ನ ಮಾಡಿಗೆ ನೇತಾಕೊಂಡು ಏನು ನೋಡೋದು’ ಎಂದ. ಎಂದು ಡಬ್ಬದ ಮುಚ್ಚಳ ಒತ್ತಿದ.

ದೇವರು ಎಂಬವನಿದ್ದರೆ ಒಂದು ಪಂಕ್ಚರ್ ಕೊಡಬಹುದಿತ್ತು. ಹೊಲದವರು ಬೇಲಿ ಸವರಲು ಶುರುಮಾಡಿದ್ದರು. ರಸ್ತೆಯ ಉದ್ದಕ್ಕೂ ಕತ್ತರಿಸಿದ ಮುಳ್ಳುಕಡ್ಡಿಗಳು ಬಿದ್ದಿದ್ದವು. ಬೇರೆಯವರು ತಪ್ಪಿಸಿಕೊಂಡು ಹೋದಲ್ಲೆಲ್ಲ ಐವರ್ ನೇರವಾಗಿ ಅವುಗಳ ಮೇಲೆ ಚಕ್ರ ಹಾಯಿಸಿದ. ಮೊದಲು ಡಾಫ್ನಿಯ ಟಯರ್ ಹೋಯಿತು. ಆಮೇಲೆ ಗ್ಯಾರೆತ್‌ನ ಹಿಂದಿನದು. ಎರಡನ್ನೂ ಐವರ್‌ನೇ ಮಂಡಿಯೂರಿ ಕೂತು ಸರಿಮಾಡಿಕೊಟ್ಟ. ಟಯರಿನಿಂದ ಕಿತ್ತ ಮುಳ್ಳನ್ನು ಬೆರಳಲ್ಲಿ ಹಿಡಿದು ನೋಡುವಾಗ ಅದನ್ನು ಮೆಲ್ಲಗೆ ತನ್ನ ಟಯರಿಗೆ ಚುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬಂತು. ಚುಚ್ಚಿಯೂ ನೋಡಿದ. ಮುಳ್ಳು ಮುರಿಯಿತು. ‘ನೀವು ಬೆವರ್ತಿದ್ದೀರ, ಐವರ್’ ಎಂದಳು ಡಾಫ್ನಿ. ಹಿಂದಿನಿಂದ ಗ್ಯಾರೆತ್, ತನ್ನ ರೋಗಿಗಳಿಗೆ ಹೇಳುವ ಧಾಟಿಯಲ್ಲಿ, ‘ಏನೂ ಆಗಲ್ಲ, ಒಂದು ನಿಮಿಷ ನೋವು, ಅಷ್ಟೇ’ ಎಂದ.

ಸೇತುವೆ ಬಂತು. ಕೆಳಗೆ ಮೊಣಕಾಲುದ್ದದ ಹೊಳೆ, ಆಚೆ ಬದಿಯಲ್ಲಿ ರಸ್ತೆ ಒಮ್ಮೆಲೇ ಎದ್ದು ನಿಂತ ಹಾಗೆ ಕ್ಲೀವ್. ಎಲ್ಲರೂ ನಿಂತು ನೀರು ಕುಡಿದರು. ಈಗ, ಎಂದುಕೊಂಡ ಐವರ್. ಗಂಟಲು ಸರಿಮಾಡಿಕೊಂಡು, ‘ಡಾಫ್ನಿ, ಒಂದು ವಿಷಯ ಹೇಳ್ಬೇಕಿತ್ತು’ ಎಂದ. ಆಕೆ ತಿರುಗಿದಳು. ಅದೇ ಹೊತ್ತಿಗೆ ಏರಿನ ಕಡೆಯಿಂದ ಒಣಹುಲ್ಲಿನ ಗಾಡಿ ಎಳೆದುಕೊಂಡು ಟ್ರ್ಯಾಕ್ಟರ್ ಇಳಿದು ಬಂತು. ಮೂವರೂ ಸೈಕಲ್ಲುಗಳನ್ನು ಎತ್ತಿ ಹಿಡಿದು ಬೇಲಿಗೆ ಅಂಟಿಕೊಂಡು ನಿಂತರು. ಚಾಲಕ ಒಂದು ಬೆರಳೆತ್ತಿ ವಂದನೆ ಹೇಳಿದ. ಅವರೂ ಒಂದೊಂದು ಬೆರಳೆತ್ತಿದರು. ಹುಲ್ಲಿನ ಧೂಳು ಕೂತ ಮೇಲೆ ಡಾಫ್ನಿ ಕೇಳಿದಳು:

‘ಏನೋ ಹೇಳ್ತಿದ್ರಿ.’

‘ಏನಿಲ್ಲ. ಬೇಲಿ ತುಂಬ ಬ್ಲ್ಯಾಕ್‌ಬೆರಿ ಹಣ್ಣಾಗಿದೆ ಅಂತ.’

‘ಹೌದು, ಈ ಸಲ ಬೇಗ’ ಎಂದಳು ಆಕೆ, ಅದು ನಿಜಕ್ಕೂ ಹೇಳಬೇಕಾದ ವಿಷಯವೇ ಎಂಬಂತೆ. ‘ಹೂಂ, ನೀವು ಮುಂದೆ ಹೋಗಿ. ನಿಮ್ಮ ಏರು. ನಾವು ತಳ್ಕೊಂಡು ಹಿಂದೆ ಬರ್ತೀವಿ.’

ಅತಿ ಸಣ್ಣ ಗೇರಿಗೆ ಹಾಕಿ ಹೊರಟ. ಮೊದಲ ಐವತ್ತು ಗಜ ತಾನೂ ಒಬ್ಬ ಸವಾರ ಎನ್ನಿಸುವಂತೆಯೇ ಇತ್ತು. ಹಿಂದಿನಿಂದ ಗ್ಯಾರೆತ್ ಓದುತ್ತಿದ್ದ: ‘ಹನ್ನೊಂದು. ಹದಿನಾಲ್ಕು. ಈಗ ಹದಿನೇಳು, ಐವರ್.’ ಇಪ್ಪತ್ತು ಎಂದಾಗ ಗ್ಯಾರೆತ್‌ನ ದನಿ ದೂರದಲ್ಲಿತ್ತು. ಅಂದರೆ ತಾನು ನಡೆಯುವವರಿಗಿಂತ ಸ್ವಲ್ಪ ಬೇಗ ಹೋಗುತ್ತಿದ್ದೇನೆ ಎಂದು ಐವರ್‌ಗೆ ಸಮಾಧಾನವಾಯಿತು. ಒಂದು ದಪ್ಪ ನೊಣ ಮೂಗಿನ ಮುಂದೆಯೇ ಹಾರುತ್ತ ಅವನ ವೇಗಕ್ಕೆ ಸರಿಯಾಗಿ ಬರುತ್ತಿತ್ತು, ಒಮ್ಮೊಮ್ಮೆ ಮುಂದೆ ಹೋಗಿ ಕಾಯುತ್ತಿತ್ತು. ಹತ್ತು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಇದೇ ಬೇಲಿಯಲ್ಲಿ ಕೆಂಪು ಹೂವಿನ ಕಡ್ಡಿಗಳು ಇದ್ದವು. ಅವನೊಬ್ಬನೇ ಬಂದಿದ್ದ. ತೊಡೆ ಉರಿಯುತ್ತದೆ, ಅದು ಇದ್ದದ್ದೇ. ಕಿವಿಯಲ್ಲಿ ಸಮುದ್ರ ಕೇಳುತ್ತದೆ, ಅದೂ ಇದ್ದದ್ದೇ. ಆದರೆ ಒಂದು ಹಂತದಲ್ಲಿ ಕಾಲು ಇಳಿದಿರುತ್ತದೆ, ಯಾರನ್ನೂ ಕೇಳದೆ. ಆ ಜೂನ್‌ನಲ್ಲಿ ಹಾಗೇ ಇಳಿದಿತ್ತು, ಓರೆಯಾಗಿ ಬೆಳೆದ, ಮುಳ್ಳೆಲೆಯ ಹಾಲಿ ಎಂಬ ಮರದ ಬುಡದಲ್ಲಿ. ಇಳಿದವನು ಸುತ್ತ ನೋಡಿದ. ಬೇಲಿಯ ಆಚೆ ಏನೂ ಕಾಣದು, ಬೇಲಿಯ ಆಚೆಯಿಂದ ಅವನೂ ಕಾಣನು. ತಳ್ಳುತ್ತ ಹೋದ. ನೂರು ಹೆಜ್ಜೆ ತಳ್ಳಿ ತಿರುವು ದಾಟಿದರೆ ಅಲ್ಲಿ ಗೇಟಿನ ಹತ್ತಿರ ದಪ್ಪ ಬೂಟಿನ ಹೆಂಗಸೊಬ್ಬಳು ಅವನಿಗೆ ಬೆನ್ನು ಹಾಕಿ ಕುರಿಯ ಜೊತೆ ಗುದ್ದಾಡುತ್ತಿದ್ದಳು. ಉಣ್ಣೆ ಕತ್ತರಿಸದ ದೊಡ್ಡ ಕುರಿ, ಅಂಗಾತ ಬಿದ್ದು ನಾಲ್ಕೂ ಕಾಲು ಆಕಾಶಕ್ಕೆ ಮಾಡಿತ್ತು. ಹಾಗೆ ಬಿದ್ದ ಕುರಿ ತಾನಾಗಿ ಏಳದು. ಬಿಟ್ಟರೆ ಅರ್ಧ ದಿನದಲ್ಲಿ ಸಾಯುತ್ತದೆ. ಐವರ್‌ಗೆ ಆ ಕ್ಷಣ ಆದದ್ದು ಮರುಕ ಅಲ್ಲ, ಸಂತೋಷ. ಏದುಸಿರಿಗೆ ಒಂದು ಕಾರಣ ಸಿಕ್ಕ ಸಂತೋಷ. ಸೈಕಲ್ಲನ್ನು ಬೇಲಿಗೆ ಎಸೆದು ಓಡಿಹೋಗಿ ಕುರಿಗೆ ಹೆಗಲು ಕೊಟ್ಟ. ‘ಮೆಲ್ಲಗೆ, ಚಿನ್ನಾ’ ಎಂದಳು ಹೆಂಗಸು. ಆ ಕಡೆಯ ರೈತರು ಕರುವನ್ನೂ ಪಾದ್ರಿಯನ್ನೂ ಹಾಗೇ ಕರೆಯುತ್ತಾರೆ. ‘ಜಾಸ್ತಿ ಬಲ ಬೇಡ. ಒಂದು ತಳ್ಳು ಸಾಕು ಅದಕ್ಕೆ.’ ಒಂದು ತಳ್ಳಿಗೆ ಕುರಿ ಎದ್ದು, ಅಮಲೇರಿದ ಮುದುಕಿಯ ಹಾಗೆ ನಾಲ್ಕು ಹೆಜ್ಜೆ ತೂರಾಡಿ, ಹಿಂದೆ ನೋಡದೆ ಹೋಯಿತು. ‘ನನ್ನ ಕುರಿಗೋಸ್ಕರ ಸೈಕಲ್ ಇಳಿದ್ಯಲ್ಲ, ಈ ಏರಲ್ಲಿ ಯಾರು ಇಳಿತಾರೆ’ ಎಂದಳು ಹೆಂಗಸು. ‘ಯಾರಾದ್ರೂ ಇಳಿತಿದ್ರು’ ಎಂದ ಅವನು. ಆಡಿದ ಆ ಮಾತು ನಿಜವೇ ಆಗಿತ್ತಲ್ಲ ಎಂದು ಆಮೇಲೆ ಎಷ್ಟೋ ರಾತ್ರಿ ಅವನಿಗೆ ಅನ್ನಿಸಿದೆ. ತಿರುವಿನ ಮೇಲೆ ರಸ್ತೆ ಸುಲಭ. ಅಲ್ಲಿಂದ ಹತ್ತಿ ಹೋದ. ಮನೆಗೆ ಬಂದು, ಕುರಿಯಿಂದಾಗಿ ಇಳಿದದ್ದು ಇಳಿದ ಲೆಕ್ಕವಲ್ಲ ಎಂದು ತನಗೇ ಹೇಳಿಕೊಂಡು, ಶಾಯಿಯಲ್ಲಿ ಸಹಿ ಹಾಕಿದ. ಕುರಿಯ ಸುದ್ದಿ ಎತ್ತಿದರೆ ಎಲ್ಲಿ ಇಳಿದೆ, ಯಾವಾಗ ಇಳಿದೆ ಎಂಬ ಪ್ರಶ್ನೆ ಬರಬಹುದೆಂದು ಕುರಿಯನ್ನು ಬಿಟ್ಟುಬಿಟ್ಟ.

ಹಾಲಿ ಮರ ಇನ್ನೂ ಇತ್ತು. ಹತ್ತು ವರ್ಷದಲ್ಲಿ ಅದು ಇನ್ನಷ್ಟು ಓರೆಯಾಗಿತ್ತು, ಅವನಿಗಾಗಿ ಬಾಗಿ ನೋಡುತ್ತಿರುವ ಹಾಗೆ. ಅದನ್ನು ದಾಟಿದ. ದಾಟಿದೆ ಎಂದು ನಂಬಲಾಗಲಿಲ್ಲ. ಹಳೆಯ ಜಾಗಕ್ಕಿಂತ ಹೆಚ್ಚು ದೂರ, ಅರವತ್ತಮೂರರಲ್ಲಿ. ಹಾಗಾದರೆ ಅವತ್ತು ಇಳಿದದ್ದು ಬಲವಿಲ್ಲದೆ ಅಲ್ಲ, ನೋಡುವವರಿಲ್ಲದೆ. ಈ ಹೊಸ ಅನುಮಾನ ಎಷ್ಟು ಕೆಟ್ಟದ್ದು ಎಂದು ಯೋಚಿಸುವಷ್ಟರಲ್ಲಿ ತಿರುವು ಬಂತು, ಗೇಟು ಕಂಡಿತು, ನೊಣ ಮೂಗಿನ ಮೇಲೆ ಕೂತಿತು, ಮತ್ತು ಎಡಗಾಲು ಅವನನ್ನು ಕೇಳದೆ ಇಳಿದು ನೆಲ ಮುಟ್ಟಿತು. ಮುಟ್ಟಿದ ಮೇಲೆ ತಲೆಯೆತ್ತಿದ. ಗೇಟಿನ ಮೇಲೆ ಮೊಣಕೈ ಊರಿ, ಹತ್ತು ವರ್ಷದಷ್ಟು ದಪ್ಪಗಾಗಿ, ಅದೇ ಬೂಟು ಇರಬಹುದಾದ ಬೂಟು ಹಾಕಿಕೊಂಡು ಅದೇ ಹೆಂಗಸು ನಿಂತಿದ್ದಳು.

‘ಅಯ್ಯೋ ಚಿನ್ನಾ, ನೀನಾ’ ಎಂದಳು. ‘ನನ್ನ ಕುರಿಗೆ ಇಳಿದವನು.’

ಅಷ್ಟರಲ್ಲಿ ಡಾಫ್ನಿ ಮತ್ತು ಗ್ಯಾರೆತ್ ತಳ್ಳಿಕೊಂಡು ತಿರುವಿಗೆ ಬಂದು, ಒಂದು ಕಾಲು ನೆಲದ ಮೇಲಿದ್ದ ಐವರ್‌ನನ್ನು ನೋಡಿದರು. ನೋಡಿ ಬೇರೆ ಕಡೆ ನೋಡಿದರು. ಹೆಂಗಸು ತನ್ನ ಹೆಸರು ಮಿಸೆಸ್ ಯೋ ಎಂದು ಹೇಳಿ, ಯಾರೂ ಕೇಳದೆ, ಕುರಿಯ ಕಥೆಯನ್ನು ಮೊದಲಿನಿಂದ ಹೇಳಿದಳು. ಕಥೆ ಅವಳ ಬಾಯಲ್ಲಿ ಹತ್ತು ವರ್ಷ ಬೆಳೆದಿತ್ತು. ಅದರಲ್ಲಿ ಐವರ್ ಗಾಳಿಯ ಹಾಗೆ ಏರಿ ಬಂದ, ಕುರಿಯನ್ನು ಕಂಡದ್ದೇ ಚಲಿಸುವ ಸೈಕಲ್ಲಿನಿಂದ ಧುಮುಕಿದ. ಬೇಡ ಎಂದು ಐವರ್ ಕೈ ಆಡಿಸಿದ. ಅದನ್ನು ಎಲ್ಲರೂ ವಿನಯವೆಂದು ತಿಳಿದರು.

ಡಾಫ್ನಿ ಬೆನ್ನ ಚೀಲದಿಂದ ಹಾದಿ ಪುಸ್ತಕ ತೆಗೆದಳು. ಆಕೆಯ ಮುಖದಲ್ಲಿ ನೋವಿತ್ತು. ‘ಅಂದ್ರೆ, ತಪ್ಪು ತಿಳ್ಕೋಬೇಡಿ ಐವರ್, ಅವತ್ತು ಕಾಲು ಊರಿದ್ರಿ.’

‘ಊರಿದ್ದೆ’ ಎಂದ ಐವರ್. ಹತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ಪೂರ್ಣ ನಿಜ ಅದು. ಇನ್ನೊಂದು ವಾಕ್ಯ ಬಾಕಿ ಇತ್ತು. ಆದರೆ ಗ್ಯಾರೆತ್ ನಡುವೆ ಬಾಯಿ ಹಾಕಿದ.

‘ಕುರಿಗೆ ಇಳಿಯೋದು ಇಳಿಯೋದಲ್ಲ. ನಾನು ಹಲ್ಲು ಕೀಳ್ತಿರುವಾಗ ಬೆಂಕಿ ಬಿದ್ರೆ ಹೊರಗೆ ಓಡಿದೆ ಅಂತ ಇಟ್ಕೊಳ್ಳಿ. ಹಲ್ಲು ಕೀಳೋಕೆ ಬರಲ್ಲ ಅಂತಾರಾ ನನಗೆ?’

‘ನಿಯಮದಲ್ಲಿ ಕುರಿ ಇಲ್ಲ’ ಎಂದಳು ಡಾಫ್ನಿ.

‘ನಿಯಮ ಬರೆದವರು ಕುರಿ ನೋಡಿರ್ಲಿಲ್ವ?’

‘ಅಷ್ಟಕ್ಕೂ ಇವತ್ತು? ಇವತ್ತೂ ಕಾಲು ಕೆಳಗಿದೆ’ ಎಂದಳು ಡಾಫ್ನಿ, ಆ ಕಾಲನ್ನು ನೋಡದೆ.

‘ಇವತ್ತು ನಾನು ಮಾತಾಡಿಸ್ದೆ’ ಎಂದಳು ಮಿಸೆಸ್ ಯೋ. ‘ಮಾತಾಡಿಸಿದೋರ ಮುಂದೆ ನಿಲ್ದೆ ಹೋಗೋಕೆ ಅವನೇನು ಊರುಬಿಟ್ಟೋನಾ?’

ಈ ವಾದಕ್ಕೆ ಡಾಫ್ನಿ ತಲೆದೂಗಿದಳು. ಒಬ್ಬರು ಮಾತಾಡಿಸಿದಾಗ ನಿಲ್ಲದೆ ಹೋಗುವುದು ಸಂಘದ ಯಾವ ನಿಯಮಕ್ಕಿಂತಲೂ ಹಳೆಯ ನಿಯಮವನ್ನು ಮುರಿದ ಹಾಗೆ. ಕಾಲು ಮೊದಲು, ಮಾತು ಆಮೇಲೆ ಎಂದು ಐವರ್‌ಗೆ ಮಾತ್ರ ಗೊತ್ತಿತ್ತು. ಎರಡು ಸಲವೂ ಅದೇ ಕ್ರಮ. ಅವನ ಬದುಕಿನಲ್ಲಿ ಯಾವಾಗಲೂ ಕಾರಣ ಸ್ವಲ್ಪ ತಡವಾಗಿ ಬಂದು ಸರಿಯಾದ ಜಾಗದಲ್ಲಿ ಕೂರುತ್ತಿತ್ತು.

ಆಗ ಮೇಲಿನಿಂದ ಲಯನೆಲ್ ನಡೆದುಕೊಂಡು ಬಂದ, ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದರಲ್ಲಿ ಡಬ್ಬ. ‘ಏನಾಯ್ತು, ಯಾರಾದ್ರೂ ಸತ್ರಾ? ಮುಕ್ಕಾಲು ಗಂಟೆಯಿಂದ ಕಾಯ್ತಿದ್ದೀನಿ’ ಎಂದ.

‘ಐವರ್ ಅವತ್ತು ಇಳಿದಿದ್ರಂತೆ’ ಎಂದ ಗ್ಯಾರೆತ್.

ಲಯನೆಲ್ ನಿಂತ. ಅವನ ಮುಖದಲ್ಲಿ ಆದ ಬದಲಾವಣೆಯನ್ನು ಐವರ್ ಆಮೇಲೂ ಬಹಳ ದಿನ ನೆನೆಸಿಕೊಂಡ. ಹುಬ್ಬು ಎತ್ತಲಿಲ್ಲ, ನಗಲಿಲ್ಲ; ಕುತ್ತಿಗೆ ಮಾತ್ರ ಸ್ವಲ್ಪ ಉದ್ದವಾಯಿತು, ಹೆಗಲಿನಿಂದ ಏನನ್ನೋ ಇಳಿಸಿದ ಹಾಗೆ. ‘ಇಳಿದಿದ್ಯಾ?’ ಎಂದ, ಬಹಳ ಮೆತ್ತಗೆ. ಆ ದನಿಯಲ್ಲಿ ಆರೋಪವಿರಲಿಲ್ಲ, ಬರೇ ಆಸೆ. ಐವರ್ ಬಾಯಿ ತೆರೆಯುವ ಮೊದಲೇ ಮಿಸೆಸ್ ಯೋ ಕುರಿಯ ಕಥೆಯನ್ನು ಎರಡನೆಯ ಸಲ ಶುರುಮಾಡಿದಳು. ಈ ಸಲ ಕುರಿಯ ಹೊಟ್ಟೆಯಲ್ಲಿ ಎರಡು ಮರಿಗಳೂ ಇದ್ದವು. ಕಥೆ ಮುಗಿಯುವ ಹೊತ್ತಿಗೆ ಲಯನೆಲ್‌ನ ಕುತ್ತಿಗೆ ಮೊದಲಿನ ಜಾಗಕ್ಕೆ ಬಂದಿತ್ತು.

‘ಮತ ಹಾಕೋಣ’ ಎಂದಳು ಡಾಫ್ನಿ. ಕುರಿಗೆ ಇಳಿದದ್ದು ಇಳಿದ ಲೆಕ್ಕವಲ್ಲ, ಮಾತಿಗೆ ನಿಂತದ್ದು ನಿಂತ ಲೆಕ್ಕವಲ್ಲ ಎನ್ನುವವರು ಕೈ ಎತ್ತಬೇಕು. ಗ್ಯಾರೆತ್ ಎತ್ತಿದ. ಮಿಸೆಸ್ ಯೋ ಸದಸ್ಯಳಲ್ಲದಿದ್ದರೂ ಎರಡೂ ಕೈ ಎತ್ತಿದಳು. ಡಾಫ್ನಿ ತನ್ನ ಕೈಯನ್ನು ತಾನೇ ಒಮ್ಮೆ ನೋಡಿ ಎತ್ತಿದಳು. ಎಲ್ಲರೂ ಲಯನೆಲ್ ಕಡೆ ತಿರುಗಿದರು. ಅವನ ಎರಡೂ ಕೈಯಲ್ಲಿ ಸಾಮಾನಿತ್ತು. ಅವನು ಡಬ್ಬವನ್ನು ಕೆಳಗಿಟ್ಟು, ನಿಧಾನವಾಗಿ ಬಲಗೈ ಎತ್ತಿದ. ‘ಹತ್ತು ವರ್ಷ ಕುರಿ ಸುದ್ದಿನೇ ಎತ್ಲಿಲ್ಲ ನೋಡಿ’ ಎಂದಳು ಡಾಫ್ನಿ, ಪುಸ್ತಕದಲ್ಲಿ ಗುರುತು ಹಾಕುತ್ತ. ಆಕೆಯ ಕಣ್ಣು ಒದ್ದೆಯಾಗಿತ್ತು. ‘ನಾನಾಗಿದ್ರೆ ವರ್ಷಕ್ಕೆ ಎರಡು ಸಲ ಹೇಳ್ತಿದ್ದೆ. ಐವರ್, ಸಹಿ ಹಾಕಿ.’

ಹಾಕಿದ. ಪೆನ್ನು ಗ್ಯಾರೆತ್‌ನದು, ಹಲ್ಲುಜ್ಜುವ ಪೇಸ್ಟಿನ ಹೆಸರು ಬರೆದದ್ದು.

ಸ್ಯಾಂಡ್‌ವಿಚ್ ಅಲ್ಲೇ ಗೇಟಿನ ಹತ್ತಿರ ತಿಂದರು, ಮೊಟ್ಟೆಯದು ಮತ್ತು ಸೌತೆಕಾಯಿಯದು. ಡಾಫ್ನಿಗೂ ಗ್ಯಾರೆತ್‌ಗೂ ಮಿಸೆಸ್ ಯೋ ಆ ಕುರಿಯ ಮೊಮ್ಮಕ್ಕಳನ್ನು ತೋರಿಸಲು ಹೊಲದೊಳಗೆ ಕರೆದುಕೊಂಡು ಹೋದಳು. ಐವರ್ ಮತ್ತು ಲಯನೆಲ್ ಗೇಟಿಗೆ ಒರಗಿ ನಿಂತರು. ಹೊಲದ ತುದಿಯಲ್ಲಿ ನೆಲ ಮುಗಿದು ಸಮುದ್ರ ಇತ್ತು, ಬೂದು ಬಣ್ಣದ್ದು, ಯಾರ ಬಗ್ಗೆಯೂ ಅಭಿಪ್ರಾಯ ಇಲ್ಲದ್ದು. ಲಯನೆಲ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವನಿಗೆ ಕೊಟ್ಟ. ಮೂವತ್ತು ವರ್ಷದಲ್ಲಿ ಅವರು ಮಾತಾಡದೆ ಕಳೆದ ಹೊತ್ತು ಮಾತಾಡಿದ್ದಕ್ಕಿಂತ ಹೆಚ್ಚು. ಅದರಲ್ಲಿ ಯಾವತ್ತೂ ಅವರಿಗೆ ಕಷ್ಟವಾಗಿರಲಿಲ್ಲ.

‘ಒಂದು ಕೇಳ್ತೀನಿ’ ಎಂದ ಲಯನೆಲ್, ಸಮುದ್ರ ನೋಡುತ್ತ. ‘ಕುರಿ ಇಲ್ದೇ ಇದ್ದಿದ್ರೆ ಹತ್ತಿರ್ತಿದ್ಯಾ?’

ಒಂದು ತಳ್ಳು ಸಾಕು. ಚಹಾ ತುಂಬ ಬಿಸಿಯಾಗಿತ್ತು. ಐವರ್ ಅದನ್ನು ಊದಿದ. ಹೊಲದ ಆಚೆ ಡಾಫ್ನಿ ಕುರಿಯೊಂದರ ತಲೆ ಸವರಲು ಹೋಗಿ, ಅದು ಹಿಂದೆ ಸರಿದಾಗ, ಕ್ಷಮಿಸು ಎಂದು ಅದಕ್ಕೆ ಹೇಳುತ್ತಿರುವಂತೆ ಕಂಡಿತು.

‘ಕುರಿ ಇತ್ತಲ್ಲ’ ಎಂದ ಐವರ್.

‘ಇತ್ತು’ ಎಂದ ಲಯನೆಲ್. ಸ್ವಲ್ಪ ಕಾದ. ಆಮೇಲೆ ಮುಚ್ಚಳ ಇಸಿದುಕೊಂಡು, ಉಳಿದ ಚಹಾವನ್ನು ಹುಲ್ಲಿಗೆ ಚೆಲ್ಲಿ, ಫ್ಲಾಸ್ಕಿಗೆ ಮುಚ್ಚಳ ತಿರುಪಿದ. ‘ಶನಿವಾರ ಸೈಕಲ್ ಕೆಳಗಿಳಿಸೋಕೆ ಬಾ. ಒಬ್ಬನಿಗೆ ಆಗಲ್ಲ, ಭಾರ.’

‘ಬರ್ತೀನಿ.’

ಶನಿವಾರ ಹೋದ. ಲಯನೆಲ್ ಏಣಿ ಹತ್ತಿ ಕೊಕ್ಕೆ ಬಿಡಿಸಿದ, ಐವರ್ ಕೆಳಗೆ ನಿಂತು ಚಕ್ರಗಳನ್ನು ಹಿಡಿದುಕೊಂಡ. ಇಬ್ಬರೂ ಸೇರಿ ಅದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಧೂಳು ಒರೆಸಿ, ಗಾಳಿ ತುಂಬಿ, ತಳ್ಳಿಕೊಂಡು ಚರ್ಚಿನವರೆಗೆ ನಡೆದರು. ದಾರಿಯಲ್ಲಿ ಹವೆಯ ಬಗ್ಗೆ ಮಾತಾಡಿದರು. ಹತ್ತು ವರ್ಷದ ಹಿಂದಿನ ಆ ಜೂನ್‌ನಲ್ಲಿ, ಕುರಿಯನ್ನು ಕಾಣುವ ನೂರು ಹೆಜ್ಜೆ ಮೊದಲೇ, ಹಾಲಿ ಮರದ ಬುಡದಲ್ಲಿ ತಾನು ಸೈಕಲ್ ಇಳಿದಿದ್ದೆ ಎಂದು ಐವರ್ ಲಯನೆಲ್‌ಗೆ ಹೇಳಲಿಲ್ಲ.